ದೂರದ ಸವಾರಿಯೂ ದಾರಿಯ ಊರುಗಳೂ

(ಮಲೆನಾಡು ಮತ್ತು ಬಯಲುಸೀಮೆಯ ಪರಿಸರಾಸಕ್ತರು ಬಳ್ಳಾರಿಯಲ್ಲಿ ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಯುರೋಪಿನಲ್ಲಿ ಚಳಿ ಕಳೆದು ಬೇಸಿಗೆ ಕಾಲಿಟ್ಟಿತೆಂದರೆ ಒಂದು ವಿಶಿಷ್ಟ ಬಗೆಯ ಯಾತ್ರೆಗೆ ಚಾಲನೆ ದೊರೆಯುತ್ತದೆ. ಹತ್ತು, ಇಪ್ಪತ್ತು, ಕೆಲವೊಮ್ಮೆ ಸಾವಿರಾರು ಮಂದಿ ಗುಂಪುಗೂಡಿ ಸೈಕಲ್ ಏರಿ ದೂರದ ಊರುಗಳಿಗೆ ಹೊರಡುತ್ತಾರೆ. ಲಂಡನ್ನಿನಿಂದ ಪ್ಯಾರಿಸ್ಸಿಗೆ, ಬ್ರಿಟನ್ನಿನ ನೈರುತ್ಯದ ತುದಿಯಿಂದ ಉತ್ತರದ ತುದಿಗೆ, ಆಲ್ಪ್ಸ್ ಪರ್ವತದ ಕಣಿವೆಗಳನ್ನು ಹಾದು ಮೆಡಿಟರೇನಿಯನ್ ತೀರಕ್ಕೆ. ಇವರು ಸ್ಪರ್ಧಾಳುಗಳಲ್ಲ, ಶಿಕ್ಷಕರು, ದಾದಿಯರು, ಗುಮಾಸ್ತರು, ನಿವೃತ್ತರು. ಪ್ರತಿಯೊಬ್ಬರೂ ಹೊರಡುವ ಮೊದಲು ತಮ್ಮ ಬಂಧುಗಳ, ಸಹೋದ್ಯೋಗಿಗಳ, ನೆರೆಹೊರೆಯವರ ಬಳಿ ಹೋಗಿ, ತಾವು ಇಂತಿಷ್ಟು ದೂರ ತುಳಿಯುವುದಾಗಿಯೂ ಅದಕ್ಕೆ ಪ್ರತಿಯಾಗಿ ಇಂಥ ಆಸ್ಪತ್ರೆಗೆ, ಇಂಥ ಅನಾಥಾಲಯಕ್ಕೆ ಅವರು ಹಣ ಕೊಡಬೇಕೆಂದೂ ಕೇಳಿಕೊಂಡಿರುತ್ತಾರೆ. ತುಳಿಯುವವನ ಬೆವರು ಹೀಗೆ ಮತ್ತೊಬ್ಬನ ಔಷಧವಾಗುತ್ತದೆ.

ಈ ಪದ್ಧತಿಗೆ ಅರ್ಧ ಶತಮಾನದ ಇತಿಹಾಸವಿದೆ. ಲಂಡನ್ನಿನಿಂದ ಸಮುದ್ರ ತೀರದ ಬ್ರೈಟನ್ ಪಟ್ಟಣಕ್ಕೆ ಹೋಗುವ ಸುಮಾರು 87 ಕಿಲೋಮೀಟರಿನ ಸಾಮೂಹಿಕ ಸವಾರಿ 1976ರಲ್ಲಿ ಬೆರಳೆಣಿಕೆಯ ಜನರಿಂದ ಆರಂಭವಾಯಿತು. ಹೃದ್ರೋಗ ಸಂಶೋಧನೆಗೆ ನೆರವಾಗುವ ಸಂಸ್ಥೆಯೊಂದು ಅದರೊಡನೆ ಸೇರಿದ ಮೇಲೆ ಅದು ಸಾವಿರಾರು ಜನರ ಸವಾರಿಯಾಯಿತು. ನೆದರ್ಲೆಂಡಿನ ಜನ 2006ರಿಂದ ಫ್ರಾನ್ಸಿನ ಆಲ್ಪ್ ದುಯೇ ಎಂಬ ಇಪ್ಪತ್ತೊಂದು ತಿರುವುಗಳ ಏರುದಾರಿಯನ್ನು ಒಂದೇ ದಿನದಲ್ಲಿ ಆರು ಸಲದವರೆಗೆ ಏರಿ, ಕ್ಯಾನ್ಸರ್ ಸಂಶೋಧನೆಗೆ ಕೋಟ್ಯಂತರ ಯೂರೋಗಳನ್ನು ಒಟ್ಟುಗೂಡಿಸಿದ್ದಾರೆ. ಇದು ಅಲ್ಲಗಳೆಯುವಂಥ ಕೆಲಸವಲ್ಲ.

ಇದೀಗ ಮಲೆನಾಡಿನ ಕೆಲವು ಗೆಳೆಯರಲ್ಲಿ ಒಂದು ವಿಚಾರ ಮೂಡಿದೆ. ತುಂಗೆ ಭದ್ರೆಯರ ಕಣಿವೆಯಿಂದ ಹೊರಟು, ನದಿಯ ಗುಂಟ ಇಳಿದು, ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ತನಕ ಇಂಥದೊಂದು ಗುಂಪು ಸೈಕಲ್ ಯಾತ್ರೆಯನ್ನು ನಡೆಸಬಹುದೇ ಎಂಬುದು ಆ ವಿಚಾರ. ಉತ್ಸಾಹ ಒಳ್ಳೆಯದೇ. ಆದರೆ ಸೈಕಲ್ಲುಗಳನ್ನು ಒಟ್ಟುಗೂಡಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಈ ಸವಾರಿಯಲ್ಲಿ ದಾರಿಯ ಊರುಗಳ ಪಾತ್ರವೇನು? ಅವು ಸವಾರರು ನೋಡಿಕೊಂಡು ಹೋಗುವ ದೃಶ್ಯಗಳೋ, ನೆರವು ಪಡೆಯುವ ಬಡವರೋ, ಅಥವಾ ಸವಾರಿಯ ಸಮಪಾಲುದಾರರೋ? ಉತ್ತರ ಯಾವುದೆಂಬುದರ ಮೇಲೆ ಈ ಯಾತ್ರೆಯ ಬೆಲೆ ನಿಂತಿದೆ.

ಹರಕೆಯ ದಾರಿ, ದಾನದ ದಾರಿ

ಬಳ್ಳಾರಿ ರಾಯಚೂರು ಸೀಮೆಯ ಜನಕ್ಕೆ ದೂರದ ಯಾತ್ರೆ ಹೊಸತೇನಲ್ಲ. ಯುಗಾದಿಯ ಮುಂಚಿನ ದಿನಗಳಲ್ಲಿ ಉತ್ತರ ಕರ್ನಾಟಕದ ಊರೂರುಗಳಿಂದ ಜನ ಶ್ರೀಶೈಲದ ಮಲ್ಲಯ್ಯನ ಕಡೆಗೆ ನಡೆಯುತ್ತಾರೆ. ಹೊತ್ತು ಏರುವ ಮೊದಲೇ ಹೆಜ್ಜೆ ಹಾಕಿ, ನೆತ್ತಿ ಸುಡುವ ಹೊತ್ತಿಗೆ ಮರದ ನೆರಳು ಸೇರುತ್ತಾರೆ. ದಾರಿಯುದ್ದಕ್ಕೂ ಹಳ್ಳಿಗರು ಪೆಂಡಾಲು ಹಾಕಿ ಅನ್ನ ಸಾರು, ಮಜ್ಜಿಗೆ ನೀಡುತ್ತಾರೆ. ಬೊಬ್ಬೆ ಎದ್ದ ಪಾದಗಳಿಗೆ ಎಣ್ಣೆ ಹಚ್ಚುತ್ತಾರೆ. ಅಲ್ಲಿ ಕೊಡುವವರು ದಾರಿಯ ಊರಿನವರು, ಪಡೆಯುವವರು ಯಾತ್ರಿಕರು. ದಾಸೋಹದ ಪರಂಪರೆಯಲ್ಲಿ ಕೊಟ್ಟವನ ಕೈ ಮೇಲಲ್ಲ, ಪಡೆದವನ ಕೈ ಕೆಳಗಲ್ಲ. ನಡೆಯಲಾಗದ ಮುದುಕಿಯೊಬ್ಬಳು ಒಂದು ಕೊಡ ನೀರು ತಂದಿಟ್ಟರೆ ಆಕೆಯೂ ಶ್ರೀಶೈಲಕ್ಕೆ ಹೋದಂತೆಯೇ.

ಯುರೋಪಿನ ದಾನದ ಸವಾರಿಯಲ್ಲಿ ಈ ಸಂಬಂಧ ಬೇರೆ. ಹಣ ಕೊಡುವವರು ಮನೆಯಲ್ಲಿ ಉಳಿದವರು. ಹಣ ಪಡೆಯುವವರು ಮತ್ತೆಲ್ಲೋ ಇರುವವರು. ಇವೆರಡರ ನಡುವೆ ಹಾದುಹೋಗುವ ನೂರಾರು ಊರುಗಳಿಗೆ ಈ ವ್ಯವಹಾರದಲ್ಲಿ ಪಾಲಿಲ್ಲ. ಸಾಮಾನು ಹೊತ್ತ ವ್ಯಾನು ಮುಂದೆ ಹೋಗುತ್ತದೆ, ತಂಗುವ ಹೋಟೆಲು ಮೊದಲೇ ಗೊತ್ತಾಗಿರುತ್ತದೆ, ದಿನಕ್ಕೆ ನೂರು ನೂರಿಪ್ಪತ್ತು ಕಿಲೋಮೀಟರು ಮುಗಿಸಲೇಬೇಕೆಂಬ ವೇಳಾಪಟ್ಟಿ ಬೆನ್ನಟ್ಟುತ್ತದೆ. ಇದರ ಜೊತೆಗೆ ವಿಮಾನದ ಖರ್ಚು, ವಸತಿಯ ಖರ್ಚು, ವ್ಯವಸ್ಥಾಪಕರ ಖರ್ಚು. ಸಂಗ್ರಹವಾದ ಹಣದಲ್ಲಿ ಯಾತ್ರೆಗೆ ಎಷ್ಟು ಹೋಯಿತು, ಉದ್ದೇಶಕ್ಕೆ ಎಷ್ಟು ಉಳಿಯಿತು ಎಂಬ ಪ್ರಶ್ನೆ ಅಲ್ಲಿಯೂ ಮತ್ತೆ ಮತ್ತೆ ಏಳುತ್ತದೆ. ಪ್ರಾಮಾಣಿಕ ಸಂಸ್ಥೆಗಳು ಅದಕ್ಕೆ ಲೆಕ್ಕ ಕೊಡುತ್ತವೆ. ಆದರೆ ಲೆಕ್ಕ ಸರಿಯಾಗಿದ್ದ ಮಾತ್ರಕ್ಕೆ ಸಂಬಂಧ ಸರಿಯಾಗುವುದಿಲ್ಲ.

ಹಣವಿಲ್ಲದೆ ಯುರೋಪು ದಾಟಿದವರು

ಈ ದೇಶದಿಂದ ಗುಂಪಾಗಿ ಹೊರಟು ಯುರೋಪನ್ನು ಹಾದುಹೋದವರ ಕಥೆಗಳನ್ನು ಈ ದೃಷ್ಟಿಯಿಂದ ಗಮನಿಸಬೇಕು.

1923ರ ಅಕ್ಟೋಬರಿನಲ್ಲಿ ಮುಂಬಯಿಯ ಆರು ಮಂದಿ ಪಾರ್ಸಿ ತರುಣರು ಸೈಕಲ್ಲಿನಲ್ಲಿ ಜಗತ್ತನ್ನು ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಮ್‌ಗರಾ ಎಂಬ ಮೂವರು ಮಾತ್ರ ಪಣ ಪೂರೈಸಿ 1928ರ ಮಾರ್ಚಿನಲ್ಲಿ ಹಿಂದಿರುಗಿದರು. ಪರ್ಶಿಯಾ, ಮೆಸಪೊಟೇಮಿಯಾಗಳ ಮರಳುಗಾಡನ್ನು ದಾಟಿ, ಯುರೋಪನ್ನು ಹಾದು, ಅಮೆರಿಕ, ಜಪಾನ್, ಚೀನಾಗಳನ್ನು ಸುತ್ತಿಬಂದ ಆ ಯಾತ್ರೆಯ ಉದ್ದ ಸುಮಾರು 71,000 ಕಿಲೋಮೀಟರು. ಪರಾಧೀನ ದೇಶದ ಯುವಕರು ತಮ್ಮ ಕಾಲಿನ ಬಲದಿಂದಲೇ ಜಗತ್ತನ್ನು ಸುತ್ತಬಲ್ಲರೆಂದು ತೋರಿಸುವುದೂ ಒಂದು ಕೆಲಸವೇ ಆಗಿತ್ತು.

1962ರ ಜೂನ್ 1ರಂದು ದೆಹಲಿಯ ಗಾಂಧಿ ಸಮಾಧಿಯಿಂದ ಇಬ್ಬರು ತರುಣರು ಕಾಲ್ನಡಿಗೆಯಲ್ಲಿ ಹೊರಟರು. ಒಬ್ಬರು ರಾಜಸ್ಥಾನದ ಸತೀಶ್ ಕುಮಾರ್. ಮತ್ತೊಬ್ಬರು ಕೇರಳ ಮೂಲದ, ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಇ.ಪಿ. ಮೆನನ್. ಅಣ್ವಸ್ತ್ರ ಹೊಂದಿದ ನಾಲ್ಕು ದೇಶಗಳ ರಾಜಧಾನಿಗಳಾದ ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್‌ಗಳಿಗೆ ಹೋಗಿ ಅಸ್ತ್ರ ತ್ಯಾಗದ ಮಾತನ್ನು ಹೇಳುವುದು ಅವರ ಗುರಿ. ಹೊರಡುವ ಮೊದಲು ವಿನೋಬಾ ಭಾವೆಯವರ ಆಶೀರ್ವಾದ ಬೇಡಿದಾಗ, ಜೊತೆಯಲ್ಲಿ ಹಣ ಒಯ್ಯಬೇಡಿರೆಂದು ಅವರು ಸಲಹೆ ನೀಡಿದರು. ಕೈಯಲ್ಲಿ ಹಣವಿದ್ದರೆ ದಣಿದ ಪಥಿಕ ಹೋಟೆಲು ಹುಡುಕುತ್ತಾನೆ; ಇಲ್ಲದಿದ್ದರೆ ಯಾರದಾದರೂ ಮನೆಯ ಬಾಗಿಲು ತಟ್ಟಲೇಬೇಕಾಗುತ್ತದೆ, ಮಾತಾಡಲೇಬೇಕಾಗುತ್ತದೆ. ಆ ಸಲಹೆಯ ತಿರುಳು ಇದೇ.

ಅವರು ಹಾಗೆಯೇ ನಡೆದರು. ಸುಮಾರು ಹದಿಮೂರು ಸಾವಿರ ಕಿಲೋಮೀಟರಿನ ಆ ಪಯಣದಲ್ಲಿ ಸೋವಿಯತ್ ನಾಡಿನ ಚಹಾ ಕಾರ್ಖಾನೆಯೊಂದರ ಹೆಣ್ಣುಮಕ್ಕಳು ನಾಲ್ಕು ಚಹಾ ಪೊಟ್ಟಣಗಳನ್ನು ಕೊಟ್ಟು, ನಾಲ್ಕು ದೇಶಗಳ ನಾಯಕರಿಗೆ ತಲುಪಿಸಿ, ಬಾಂಬಿನ ಗುಂಡಿ ಒತ್ತುವ ಮನಸ್ಸಾದಾಗ ಮೊದಲು ಈ ಚಹಾ ಕುಡಿಯಲು ಹೇಳಿರೆಂದು ಕಳಿಸಿಕೊಟ್ಟ ಪ್ರಸಂಗ ಪ್ರಸಿದ್ಧವಾಗಿದೆ. ಯಾತ್ರಿಕರು ದಾರಿಗೆ ಏನನ್ನೂ ದಾನ ಮಾಡಲಿಲ್ಲ. ದಾರಿಯೇ ತನ್ನ ಮಾತನ್ನು ಅವರ ಜೋಳಿಗೆಗೆ ಹಾಕಿತು. ಹಣವಿಲ್ಲದ ಯಾತ್ರೆ ಎಲ್ಲರಿಗೂ ಸಾಧ್ಯವಲ್ಲ, ಬೇಕಾಗಿಯೂ ಇಲ್ಲ. ಆದರೆ ದಾರಿಯ ಜನರ ಮಾತನ್ನು ಹೊತ್ತೊಯ್ಯುವ ಶಕ್ತಿ ಯಾತ್ರೆಗಿದೆ ಎಂಬುದನ್ನು ಅದು ತೋರಿಸಿಕೊಟ್ಟಿತು.

ಬಳ್ಳಾರಿಯಿಂದ ಜಿನೀವಾದವರೆಗೆ

ಕರ್ನಾಟಕದ ಮಟ್ಟಿಗೆ ಯುರೋಪನ್ನು ಹಾದುಹೋದ ಅತ್ಯಂತ ದೊಡ್ಡ ಗುಂಪು ರೈತರದು. ಅದರ ಬೇರುಗಳಲ್ಲೊಂದು ಇದೇ ಬಳ್ಳಾರಿಯ ನೆಲದಲ್ಲಿದೆ. ಗ್ಯಾಟ್ ಮಾತುಕತೆಗಳಲ್ಲಿ ಡಂಕೆಲ್ ಕರಡು ಚರ್ಚೆಯಲ್ಲಿದ್ದ ಕಾಲ ಅದು. ಬೀಜದ ಮೇಲೆ ಕಂಪನಿಗಳ ಹಕ್ಕು ಸ್ಥಾಪನೆಯಾಗುವುದೆಂಬ ಆತಂಕ ಹಬ್ಬಿತ್ತು. 1992ರ ಡಿಸೆಂಬರಿನಲ್ಲಿ ಕರ್ನಾಟಕ ರಾಜ್ಯ ರೈತ ಸಂಘದ ಕಾರ್ಯಕರ್ತರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಸುಟ್ಟರು. 1993ರ ಜುಲೈಯಲ್ಲಿ ಬಳ್ಳಾರಿಯ ಬಳಿ ಅದೇ ಕಂಪನಿ ಕಟ್ಟುತ್ತಿದ್ದ ಬೀಜ ಸಂಸ್ಕರಣ ಘಟಕವನ್ನು ಕೆಡವಿದರು. 1998ರ ಕೊನೆಯಲ್ಲಿ ರಾಯಚೂರು, ಬಳ್ಳಾರಿ ಸೀಮೆಯ ಹೊಲಗಳಲ್ಲಿ ನಡೆಯುತ್ತಿದ್ದ ಕುಲಾಂತರಿ ಹತ್ತಿಯ ಪ್ರಾಯೋಗಿಕ ಬೆಳೆಯನ್ನು ಕಿತ್ತು ಸುಟ್ಟರು. ಆ ವಿಧಾನವನ್ನು ಒಪ್ಪದವರೂ ಇದ್ದಾರೆ. ಆದರೆ ಎರೆಭೂಮಿಯ ಹತ್ತಿ ಬೆಳೆಗಾರನ ಪ್ರಶ್ನೆಯನ್ನು ಜಗತ್ತು ಕೇಳಿಸಿಕೊಂಡದ್ದು ಆಗಲೇ.

ಇದರ ಮುಂದಿನ ಹೆಜ್ಜೆಯಾಗಿ 1999ರ ಮೇ ಕೊನೆಯಿಂದ ಜೂನ್‌ವರೆಗೆ ಅಂತರಖಂಡ ಕಾರವಾನ್ ಎಂಬ ಯಾತ್ರೆ ಯುರೋಪಿನಲ್ಲಿ ನಡೆಯಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳುತನದಲ್ಲಿ ರೂಪುಗೊಂಡ ಈ ಯಾತ್ರೆಯಲ್ಲಿ ನಾಲ್ಕೈದು ನೂರು ಮಂದಿ ಇದ್ದರು. ಬಹುಪಾಲು ಭಾರತದ ರೈತರು. ಜೊತೆಗೆ ದಕ್ಷಿಣ ಗೋಳದ ಇತರ ದೇಶಗಳ ಚಳವಳಿಗಾರರು. ಅವರು ಬಸ್ಸುಗಳಲ್ಲಿ ದೇಶದಿಂದ ದೇಶಕ್ಕೆ ಸಾಗಿದರು. ಜಿನೀವಾದಲ್ಲಿ ವಿಶ್ವ ವ್ಯಾಪಾರ ಸಂಘಟನೆಯ ಮುಂದೆ ಪ್ರತಿಭಟಿಸಿದರು. ದಕ್ಷಿಣ ಫ್ರಾನ್ಸಿನ ಮಾಂಟ್‌ಪೆಲಿಯೆಯಲ್ಲಿ ಝೋಸೆ ಬೋವೆಯವರ ಸಂಗಡ ಅಲ್ಲಿನ ರೈತರು ಸಂಶೋಧನಾ ಸಂಸ್ಥೆಯೊಂದರ ಕುಲಾಂತರಿ ಭತ್ತದ ಸಸಿಗಳನ್ನು ನಾಶಪಡಿಸಿದಾಗ ಭಾರತದ ರೈತರೂ ಜೊತೆಗಿದ್ದರು. ಜರ್ಮನಿಯ ಕೊಲೋನ್ ನಗರದಲ್ಲಿ ಶ್ರೀಮಂತ ರಾಷ್ಟ್ರಗಳ ಶೃಂಗಸಭೆ ನಡೆಯುತ್ತಿದ್ದ ಹೊತ್ತಿಗೆ ಯಾತ್ರೆ ಅಲ್ಲಿ ಸಮಾಪ್ತಿಗೊಂಡಿತು.

ಗಮನಿಸಬೇಕಾದುದೇನೆಂದರೆ ಈ ರೈತರು ಯುರೋಪಿಗೆ ನೆರವು ಕೇಳಲು ಹೋಗಿರಲಿಲ್ಲ. ಬಡದೇಶದ ಬಡರೈತನಿಗೆ ದಾನ ನೀಡುವ ಬದಲು ತಮ್ಮದೇ ದೇಶದ ಕಂಪನಿಗಳನ್ನೂ ಸರ್ಕಾರಗಳನ್ನೂ ಪ್ರಶ್ನಿಸಿರೆಂದು ಅಲ್ಲಿನ ಜನರನ್ನು ಒತ್ತಾಯಿಸಲು ಹೋಗಿದ್ದರು. ಸಬ್ಸಿಡಿಯ ನಡುವೆಯೂ ಕೃಷಿ ಬಿಡುತ್ತಿರುವ ಯುರೋಪಿನ ಸಣ್ಣ ರೈತನನ್ನು ಕಂಡು, ಸಂಕಟ ತಮ್ಮದು ಮಾತ್ರವಲ್ಲವೆಂಬುದನ್ನೂ ಅರಿತರು. ಅದೇ ವರ್ಷದ ಆಗಸ್ಟಿನಲ್ಲಿ ಜನತೆಯ ಜಾಗತಿಕ ಕ್ರಿಯಾಕೂಟದ ಎರಡನೆಯ ಸಮ್ಮೇಳನ ಬೆಂಗಳೂರಿನಲ್ಲಿ ನಡೆಯಿತು. ಹೋದ ದಾರಿಯಲ್ಲೇ ಅಲ್ಲಿನವರು ಇಲ್ಲಿಗೆ ಬಂದರು. ಯಾತ್ರೆ ಒಮ್ಮುಖವಾಗಿ ಉಳಿಯಲಿಲ್ಲ.

ಕೊರತೆಗಳೂ ಇದ್ದವು. ನೂರಾರು ಜನರ ಊಟ, ವಸತಿ, ಭಾಷಾಂತರಗಳು ಆತಿಥೇಯರಿಗೆ ಹೊರೆಯಾದವು. ಸಂಘಟನೆಗಳ ನಡುವೆ ನಾಯಕತ್ವದ ಬಿರುಕುಗಳು ಕಂಡವು. ಹೆಣ್ಣುಮಕ್ಕಳ ಪಾಲು ಕಡಿಮೆಯಾಗಿತ್ತು ಎಂಬ ಟೀಕೆ ಬಂತು. ಬಸ್ಸಿನ ವೇಗದಲ್ಲಿ ಊರೊಂದರ ಕೃಷಿಯನ್ನು ನೋಡಬಹುದೇ ಹೊರತು ಅರಿಯುವುದು ಕಷ್ಟ. ಇನ್ನು ಫಲದ ಮಾತು: ರೈತ ತಾನು ಬೆಳೆದ ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ವಿನಿಮಯ ಮಾಡುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಮಾನ್ಯ ಮಾಡಿತು. ಆದರೆ 2002ರ ಮಾರ್ಚಿನಲ್ಲಿ ಕುಲಾಂತರಿ ಹತ್ತಿಗೆ ಅನುಮತಿ ದೊರೆಯಿತು. ಕೆಲವೇ ವರ್ಷಗಳಲ್ಲಿ ದೇಶದ ಹತ್ತಿ ಹೊಲಗಳ ಬಹುಭಾಗವನ್ನು ಅದು ಆವರಿಸಿತು. ಮುಂದೆ ಗುಲಾಬಿ ಕಾಯಿಕೊರಕ ಆ ಹತ್ತಿಗೂ ಜಗ್ಗದಂತಾಯಿತು. ಯಾತ್ರೆಯೊಂದು ಜಗತ್ತನ್ನು ಬದಲಿಸುವುದಿಲ್ಲ. ಪ್ರಶ್ನೆಯನ್ನು ಒಂದೂರಿನಿಂದ ಇನ್ನೊಂದೂರಿಗೆ ಮುಟ್ಟಿಸುತ್ತದೆ. ಮುಟ್ಟಿದ ಪ್ರಶ್ನೆಯನ್ನು ಜೀವಂತವಾಗಿಡುವುದು ಯಾತ್ರೆ ಮುಗಿದ ಮೇಲಿನ ಕೆಲಸ.

ನದಿಯೇ ದಾರಿ

ಘಟ್ಟದ ಜನರಿಗೂ ಇಂಥ ಅನುಭವವಿದೆ. 1987ರ ನವೆಂಬರ್ 1ರಂದು ಪಶ್ಚಿಮಘಟ್ಟ ಉಳಿಸಿ ಪಾದಯಾತ್ರೆ ಉತ್ತರದಲ್ಲಿ ಮಹಾರಾಷ್ಟ್ರದ ನವಾಪುರದಿಂದಲೂ ದಕ್ಷಿಣದಲ್ಲಿ ಕನ್ಯಾಕುಮಾರಿಯಿಂದಲೂ ಹೊರಟು, 1988ರ ಫೆಬ್ರುವರಿಯಲ್ಲಿ ಗೋವೆಯಲ್ಲಿ ಕೂಡಿಕೊಂಡಿತು. ಘಟ್ಟವೆಂಬುದು ಆರು ರಾಜ್ಯಗಳಲ್ಲಿ ಹಂಚಿಹೋದ ಬೇರೆಬೇರೆ ಕಾಡುಗಳಲ್ಲ, ಒಂದೇ ಬೆನ್ನೆಲುಬು ಎಂಬ ತಿಳಿವಳಿಕೆ ಜನರಲ್ಲಿ ಹರಡಿದ್ದರಲ್ಲಿ ಆ ನಡಿಗೆಯ ಪಾತ್ರ ದೊಡ್ಡದು. ಆದರೆ ಆ ಯಾತ್ರೆ ಘಟ್ಟದ ಉದ್ದಕ್ಕೂ ಸಾಗಿತು. ಘಟ್ಟದಿಂದ ಇಳಿದು ಬಯಲಿಗೆ ಬರುವ ಯಾತ್ರೆ ಇನ್ನೂ ಬಾಕಿಯಿದೆ.

ಯುರೋಪಿನ ಸೈಕಲ್ ದಾರಿಗಳ ಜಾಲದಲ್ಲಿ ಆರನೆಯ ಸಂಖ್ಯೆಯ ದಾರಿ ಬಹಳ ಹೆಸರುವಾಸಿ. ಅಟ್ಲಾಂಟಿಕ್ ತೀರದಿಂದ ಕಪ್ಪು ಸಮುದ್ರದವರೆಗೆ ಸುಮಾರು 3,650 ಕಿಲೋಮೀಟರು ಹಬ್ಬಿರುವ ಅದು ಲ್ವಾರ್, ರೈನ್, ಡ್ಯಾನ್ಯೂಬ್ ನದಿಗಳ ಗುಂಟ ಸಾಗುತ್ತದೆ. ನದಿಯ ದಂಡೆ ಸಮತಟ್ಟಾದುದರಿಂದ ತುಳಿಯುವುದು ಸುಲಭ ಎಂಬುದೊಂದು ಕಾರಣ. ಅದಕ್ಕಿಂತ ಮಿಗಿಲಾಗಿ, ನದಿಯನ್ನು ಹಿಂಬಾಲಿಸುವ ಸವಾರ ಒಂದೇ ನೀರನ್ನು ಎಷ್ಟು ದೇಶಗಳು ಹಂಚಿಕೊಂಡು ಬದುಕುತ್ತಿವೆ ಎಂಬುದನ್ನು ತನ್ನ ಕಣ್ಣಿನಿಂದಲೇ ನೋಡುತ್ತಾನೆ.

ಆ ಪಾಠ ಕಲಿಯಲು ಡ್ಯಾನ್ಯೂಬಿಗೇ ಹೋಗಬೇಕಾಗಿಲ್ಲ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ 147 ಕಿಲೋಮೀಟರು, ಭದ್ರೆ 178 ಕಿಲೋಮೀಟರು ಹರಿದು ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಒಂದಾಗುತ್ತವೆ. ಅಲ್ಲಿಂದ ಕೃಷ್ಣೆಯನ್ನು ಸೇರುವವರೆಗೆ ತುಂಗಭದ್ರೆಯ ಹರಿವು 531 ಕಿಲೋಮೀಟರು. ನಡುವೆ ಹೊಸಪೇಟೆಯ ಬಳಿ 1953ರಲ್ಲಿ ಪೂರ್ಣಗೊಂಡ ಅಣೆಕಟ್ಟು. ಅದರ ಬಲದಂಡೆಯ ಮೇಲ್ಮಟ್ಟದ ಕಾಲುವೆ, ಕೆಳಮಟ್ಟದ ಕಾಲುವೆಗಳೇ ಬಳ್ಳಾರಿ ಜಿಲ್ಲೆಯ ನೀರಾವರಿಯ ಜೀವನಾಡಿಗಳು. ಕುರುಗೋಡಿನ ಬಂಡೆಬೆಟ್ಟಗಳ ಸಾಲು ದಾಟಿದ ಮೇಲೆ, ನವಶಿಲಾಯುಗದ ಜನ ನೆಲೆಸಿದ್ದ ತೆಕ್ಕಲಕೋಟೆಯಿಂದ ಸಿರುಗುಪ್ಪದ ತನಕ, ಎರೆನೆಲದ ಮೇಲೆ ಹಸಿರು ಹಾಸಿದಂತೆ ಕಾಣುವ ಭತ್ತದ ಗದ್ದೆಗಳು ಆ ನೀರಿನವು. ಆಗುಂಬೆ, ಶೃಂಗೇರಿ, ಕುದುರೆಮುಖದ ಮೇಲೆ ಸುರಿದ ಮಳೆಯೇ ಸಿರುಗುಪ್ಪದ ಅಕ್ಕಿಯಾಗುತ್ತದೆ. ಆದರೆ ಮಲೆನಾಡಿನ ಎಷ್ಟು ಮಂದಿ ಸಿರುಗುಪ್ಪವನ್ನು ಕಂಡಿದ್ದಾರೆ? ಸಿರುಗುಪ್ಪದ ಎಷ್ಟು ಮಂದಿ ಕುದುರೆಮುಖದ ಹುಲ್ಲುಗಾವಲನ್ನು ಕಂಡಿದ್ದಾರೆ?

ಕಾಣದೆ ಉಳಿದದ್ದರ ಬೆಲೆ ಜಲಾಶಯದ ತಳದಲ್ಲಿ ಕುಳಿತಿದೆ. ಅಣೆಕಟ್ಟು ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಈಗ ಅದು ಸುಮಾರು 105 ಟಿಎಂಸಿಗೆ ಇಳಿದಿದೆ. ಅಂದರೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಜಾಗವನ್ನು ಮಣ್ಣು ಆಕ್ರಮಿಸಿಕೊಂಡಿದೆ. ಈ ಮಣ್ಣು ಯಾವುದೋ ಒಂದು ಊರಿನದಲ್ಲ. ಅಣೆಕಟ್ಟಿನ ಮೇಲಿರುವ 28,180 ಚದರ ಕಿಲೋಮೀಟರಿನ ಜಲಾನಯನ ಪ್ರದೇಶದಲ್ಲಿ ಬೋಳಾದ ಗುಡ್ಡಗಳು, ಇಳಿಜಾರಿನಲ್ಲಿ ಅಡ್ಡಬದು ಇಲ್ಲದೆ ಉತ್ತ ಹೊಲಗಳು, ಅಗೆದ ಗಣಿಗಳು ಎಲ್ಲವೂ ಅದಕ್ಕೆ ತಮ್ಮ ಪಾಲು ಸಲ್ಲಿಸಿವೆ. ಭದ್ರೆಯ ಉಗಮದಲ್ಲಿದ್ದ ಕುದುರೆಮುಖದ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಅದೇ ನ್ಯಾಯಾಲಯ 2011ರ ಜುಲೈ 29ರಂದು ತಡೆಹಿಡಿಯಿತು. ಮುಂದೆ ಮಿತಿಗಳನ್ನು ಹೇರಿ ಮತ್ತೆ ಅವಕಾಶ ಕೊಟ್ಟಿತು. ಎರಡೂ ಹೋರಾಟಗಳು ಬೇರೆಬೇರೆಯಾಗಿ ನಡೆದವು. ನದಿಯೊಂದೇ ಆದರೂ ಮೇಲಿನವರ ಹೋರಾಟ, ಕೆಳಗಿನವರ ಹೋರಾಟ ಎಂದು ವಿಂಗಡವಾಗಿ ಹೋದವು.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ನೀರು ಹೊರಕ್ಕೆ ನುಗ್ಗಿತು. ಹರಿಯುವ ನೀರಿನ ನಡುವೆಯೇ ಒಂದು ವಾರದೊಳಗೆ ತಾತ್ಕಾಲಿಕ ತಡೆಯನ್ನು ಇಳಿಸಿದ ತಂತ್ರಜ್ಞರ, ಕಾರ್ಮಿಕರ ಸಾಹಸ ಸ್ಮರಣೀಯ. ಆ ಏಳು ದಿನ ಕಾಲುವೆಯ ಕೊನೆಯ ಊರುಗಳಲ್ಲಿ ಭತ್ತ ನಾಟಿ ಮಾಡಿದವರು ಪಟ್ಟ ತಳಮಳ ಘಟ್ಟದ ಮೇಲಿನವರಿಗೆ ಪತ್ರಿಕೆಯ ಸುದ್ದಿಯಾಗಿ ಮಾತ್ರ ತಲುಪಿತು. ಈ ಅಂತರವನ್ನು ತುಂಬುವ ಕೆಲಸಕ್ಕೆ ಸೈಕಲ್ಲು ತಕ್ಕ ವಾಹನ. ಅದು ನಡಿಗೆಗಿಂತ ದೂರ ಒಯ್ಯುತ್ತದೆ, ಬಸ್ಸಿಗಿಂತ ನಿಧಾನ ಹೋಗುತ್ತದೆ. ಯಾರು ಕರೆದರೂ ಒಂದು ಕಾಲು ಊರಿ ನಿಲ್ಲಬಹುದು.

ಮೊದಲಿನಿಂದಲೇ ಇರುವ ಸವಾರರು

ಯಾತ್ರೆಯ ಯೋಜನೆ ಮಾಡುವವರು ಮರೆಯಬಾರದ ಇನ್ನೊಂದು ಮಾತಿದೆ. ಬಳ್ಳಾರಿಯಿಂದ ಕುರುಗೋಡಿಗೆ ಸುಮಾರು ಮೂವತ್ತು, ಸಿರುಗುಪ್ಪಕ್ಕೆ ಐವತ್ತೈದು ಅರವತ್ತು ಕಿಲೋಮೀಟರು. ಈ ದಾರಿಗಳಲ್ಲಿ ಸೈಕಲ್ ತುಳಿಯುವವರು ಮೊದಲಿನಿಂದಲೂ ಇದ್ದಾರೆ. ಹ್ಯಾಂಡಲಿಗೆ ಬುತ್ತಿಚೀಲ ತೂಗುಹಾಕಿಕೊಂಡು ಕೂಲಿಗೆ ಹೋಗುವವರು, ಕ್ಯಾರಿಯರಿನ ಮೇಲೆ ಹುಲ್ಲಿನ ಹೊರೆ ಹೇರಿದವರು, ಶಾಲೆಗೆ ಹೋಗುವ ಮಕ್ಕಳು. ಅವರ ಕಿಲೋಮೀಟರುಗಳಿಗೆ ಯಾರೂ ಹಣ ಕೊಡುವುದಿಲ್ಲ, ಯಾರೂ ಹಾರ ಹಾಕುವುದಿಲ್ಲ. ಭತ್ತದ ಲಾರಿಗಳು ಭೋರಿಡುವ ರಸ್ತೆಯ ಅಂಚಿನಲ್ಲಿ, ಡಾಂಬರು ಮುಗಿದು ಮಣ್ಣು ಕುಸಿಯುವ ಕಡೆ, ಅವರು ದಿನವೂ ಜೀವವನ್ನು ಕೈಯಲ್ಲಿ ಹಿಡಿದು ಸಾಗುತ್ತಾರೆ.

ಸೈಕಲ್ಲು ಸಾಮಾಜಿಕ ಬದಲಾವಣೆಯ ಸಾಧನವಾಗಬಲ್ಲದೆಂಬುದಕ್ಕೆ ನೆರೆಯ ತಮಿಳುನಾಡಿನ ಪುದುಕ್ಕೋಟೆ ಸಾಕ್ಷಿ. 1990ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿನ ಸಾಕ್ಷರತಾ ಆಂದೋಲನದ ಅಂಗವಾಗಿ ಗ್ರಾಮೀಣ ಹೆಣ್ಣುಮಕ್ಕಳು ಸಹಸ್ರ ಸಹಸ್ರ ಸಂಖ್ಯೆಯಲ್ಲಿ ಸೈಕಲ್ ಕಲಿತರು. ಕಲ್ಲುಕ್ವಾರಿಯ ಕೂಲಿಯಾಳು ಹೆಂಗಸರಿಂದ ಹಿಡಿದು ದಾದಿಯರವರೆಗೆ ಎಲ್ಲರಿಗೂ ಅದು ಓಡಾಟದ ಸ್ವಾತಂತ್ರ್ಯ ತಂದಿತು. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆ ಆರಂಭಿಸಿತು. ಮುಂದೆ ಹುಡುಗರಿಗೂ ಅದು ವಿಸ್ತರಿಸಿತು. ಪ್ರೌಢಶಾಲೆ ಪಕ್ಕದೂರಿನಲ್ಲಿದ್ದ ಕಾರಣಕ್ಕೇ ಓದು ನಿಲ್ಲಿಸುತ್ತಿದ್ದ ಹುಡುಗಿಯರಿಗೆ ಆ ಸೈಕಲ್ಲು ಎಷ್ಟು ದೊಡ್ಡದಾಗಿತ್ತೆಂಬುದನ್ನು ಹಳ್ಳಿಯ ಯಾವ ಶಿಕ್ಷಕರನ್ನು ಕೇಳಿದರೂ ಹೇಳುತ್ತಾರೆ. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತುಹೋಯಿತು. ಪರಿಸರದ ಹೆಸರಿನಲ್ಲಿ ಸೈಕಲ್ ಏರುವ ಯಾವ ಗುಂಪಾದರೂ ಈ ಸವಾರರನ್ನು ಕಾಣದೆ ಮುಂದೆ ಹೋದರೆ, ಅದು ಬರಿಯ ವ್ಯಾಯಾಮವಾಗಿ ಉಳಿಯುತ್ತದೆ.

ಹಾಗಾದರೆ ಸವಾರಿ ಹೇಗಿರಬೇಕು?

ಮೊದಲನೆಯದಾಗಿ ಅದು ನಿಧಾನವಾಗಿರಬೇಕು. ದಿನಕ್ಕೆ ನಲವತ್ತು ಕಿಲೋಮೀಟರು ಸಾಕು. ಬಳ್ಳಾರಿಯ ಬಿಸಿಲಿಗೆ ಹೆದರಿ ನವೆಂಬರಿನಿಂದ ಜನವರಿಯೊಳಗೆ, ಮುಂಜಾನೆ ಹೊರಟು ಹತ್ತು ಗಂಟೆಯೊಳಗೆ ದಿನದ ದಾರಿ ಮುಗಿಸಿದರೆ, ಉಳಿದ ಹೊತ್ತು ಊರಿನದು. ಕಾಲುವೆಯ ನೀರುಗಂಟಿಯ ಜೊತೆ ಕಾಲುವೆಯ ಮೇಲೆ ನಡೆಯಬಹುದು. ಮೇಲಿನವರು ನೀರು ತಿರುಗಿಸಿಕೊಂಡ ಮೇಲೆ ಕೊನೆಭಾಗದ ರೈತನಿಗೆ ಏನು ಉಳಿಯುತ್ತದೆಂದು ನೋಡಬಹುದು. ಊರವರು ಕೊಟ್ಟ ಜೋಳದ ರೊಟ್ಟಿ ತಿಂದು ಶಾಲೆಯ ಜಗಲಿಯಲ್ಲಿ ಮಲಗಬಹುದು.

ಎರಡನೆಯದಾಗಿ, ಹಣ ಸಂಗ್ರಹಿಸುವುದಾದರೆ ಅದರ ಲೆಕ್ಕ ಪ್ರತಿ ತಂಗುದಾಣದಲ್ಲೂ ಹಲಗೆಯ ಮೇಲೆ ಕಾಣಬೇಕು. ಯಾತ್ರೆಯ ಖರ್ಚನ್ನು ಸವಾರರೇ ಭರಿಸಬೇಕು. ಸಂಗ್ರಹವಾದುದು ಏನಾಗಬೇಕೆಂಬುದನ್ನು ದಾರಿಯ ಊರುಗಳ ಜನ ಕೂತು ತೀರ್ಮಾನಿಸಬೇಕು. ಒಂದೂರಿನವರು ಕೆರೆಯ ಹೂಳೆತ್ತುವ ಮಾತಾಡಬಹುದು, ಇನ್ನೊಂದೂರಿನವರು ಹುಡುಗಿಯರ ಸೈಕಲ್ಲಿನ ದುರಸ್ತಿಯ ಮಾತಾಡಬಹುದು, ಮತ್ತೊಂದೂರಿನವರು ತಮಗೆ ಹಣ ಬೇಡ, ರಸ್ತೆಯ ಅಂಚಿಗೆ ಸೈಕಲ್ ದಾರಿ ಬೇಕೆಂದು ಅರ್ಜಿಗೆ ಸಹಿ ಹಾಕಿರೆನ್ನಬಹುದು. ಆ ಅರ್ಜಿಯೂ ಸಂಗ್ರಹವೇ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಹೋದ ಸವಾರಿಗೆ ಮರುಸವಾರಿ ಇರಬೇಕು. ಘಟ್ಟದವರು ಒಂದು ವರ್ಷ ಸಿರುಗುಪ್ಪಕ್ಕೆ ಇಳಿದರೆ, ಮರುವರ್ಷ ಸಿರುಗುಪ್ಪ, ಕುರುಗೋಡಿನ ರೈತರು, ಶಾಲೆಯ ಮಕ್ಕಳು ಘಟ್ಟ ಏರಬೇಕು. ಏರಿಕೆಯ ದಾರಿ ಕಷ್ಟದ್ದು. ತಳ್ಳಿಕೊಂಡು ಹೋದರೂ ಸರಿಯೇ. ತಮ್ಮ ಗದ್ದೆಯ ನೀರು ಹುಟ್ಟುವ ಶೋಲಾ ಕಾಡಿನ ನೆರಳಲ್ಲಿ ಅವರು ಒಂದು ರಾತ್ರಿ ತಂಗಬೇಕು. ಬೋಳುಗುಡ್ಡದ ಮಣ್ಣು ಮಳೆಗೆ ಕೆಂಪಾಗಿ ಹಳ್ಳಕ್ಕೆ ಇಳಿಯುವುದನ್ನು ಕಾಣಬೇಕು. ಆಗ ಘಟ್ಟದ ಕಾಡು ಕಡಿಯುವ ಯೋಜನೆಯೊಂದು ಬಂದರೆ ಅದನ್ನು ವಿರೋಧಿಸುವ ದನಿ ಮಲೆನಾಡಿನಿಂದ ಮಾತ್ರ ಬರುವುದಿಲ್ಲ, ಬಯಲಿನ ಭತ್ತದ ಗದ್ದೆಯಿಂದಲೂ ಬರುತ್ತದೆ. ಬಯಲಿನವರ ಭೂಮಿಯ ಪ್ರಶ್ನೆ ಎದ್ದಾಗ ಘಟ್ಟದವರೂ ಸುಮ್ಮನಿರಲಾರರು. 1999ರ ರೈತರ ಯಾತ್ರೆಯಿಂದ ಕಲಿಯಬೇಕಾದುದು ಇದನ್ನೇ. ಅದರ ಹೆಚ್ಚಿನ ಸಾರ್ಥಕತೆ ಯುರೋಪಿಗೆ ಹೋದದ್ದರಲ್ಲಿ ಮಾತ್ರವಲ್ಲ, ಆ ಮೂಲಕ ಅಲ್ಲಿನವರು ಇಲ್ಲಿಗೆ ಬರುವಂತಾದುದರಲ್ಲೂ ಇತ್ತು.

ದಾನದ ಸವಾರಿಯನ್ನು ಹೀಗಳೆಯುವ ಅಗತ್ಯವಿಲ್ಲ. ಅದು ಯುರೋಪಿನ ಆಸ್ಪತ್ರೆಗಳಿಗೆ ನೆರವಾಗಿದೆ, ಆಗುತ್ತಿರಲಿ. ಆದರೆ ಒಂದೇ ನದಿಯ ನೀರು ಕುಡಿಯುವ ಎರಡು ಊರುಗಳ ನಡುವೆ ದಾನಿ ಯಾರು, ಬೇಡುವವನು ಯಾರು? ಮಲೆನಾಡು ನೀರು ಕೊಡುತ್ತದೆ, ಬಯಲು ಅನ್ನ ಕೊಡುತ್ತದೆ. ಈ ಕೊಡುಕೊಳ್ಳುವಿಕೆ ಸಾವಿರಾರು ವರ್ಷಗಳಿಂದ ನಡೆದುಬಂದಿದೆ. ಕೊಟ್ಟವರೂ ಪಡೆದವರೂ ಪರಸ್ಪರ ಮುಖ ನೋಡಿಲ್ಲ ಅಷ್ಟೆ. ಮುಂದಿನ ಚಳಿಗಾಲದಲ್ಲಿ ಕೂಡಲಿಯ ದಂಡೆಯಿಂದ ಇಪ್ಪತ್ತು ಸೈಕಲ್ಲುಗಳು ಹೊರಟರೆ ಸಾಕು. ಸಿರುಗುಪ್ಪದಿಂದ ಎಷ್ಟು ಸೈಕಲ್ಲುಗಳು ಮರಳಿ ಘಟ್ಟದತ್ತ ಹೊರಟವು ಎಂಬುದರಿಂದ ಆ ಸವಾರಿಯನ್ನು ಅಳೆಯೋಣವಾಗಲಿ.